ಗಾಳಿಯಲ್ಲಿ ಆಮ್ಲಜನಕವೇ ಇಲ್ಲದಾಗ ಕಬ್ಬಿಣಕ್ಕೆ ತುಕ್ಕು ಹಿಡಿಸಿದ್ದು ಯಾರು?

ಉತ್ತರ ಕನ್ನಡದ ಬೇಲೆಕೇರಿ ಬಂದರು ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಅದಿರು, ಅದಿರು ಅಂದ ಕೂಡಲೇ ಹಗರಣ. ಹೊಸಪೇಟೆ, ಸಂಡೂರು ಕಡೆಯ ಲಾರಿಗಳು ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೆ ಸಾಲುಗಟ್ಟಿ ಬರುತ್ತಿದ್ದ ಕಾಲದಲ್ಲಿ ರಸ್ತೆ ಬದಿಯ ಎಲೆಗಳೆಲ್ಲ ಕೆಂಪಾಗಿದ್ದವು. 2010ರಲ್ಲಿ ಬಂದರಿನಲ್ಲಿ ಮುಟ್ಟುಗೋಲು ಹಾಕಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾಯಿತು. ಲೋಕಾಯುಕ್ತ ವರದಿ ಬಂತು, ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆಯಿತು. ಎಷ್ಟು ಟನ್, ಟನ್ನಿಗೆ ಎಷ್ಟು, ಯಾರ ಪಾಲೆಷ್ಟು ಅಂತ ಚಹಾ ಅಂಗಡಿಯಲ್ಲಿ ಕೂತು ನಾವೂ ಲೆಕ್ಕ ಹಾಕಿದ್ದೇ ಹಾಕಿದ್ದು. ಆ ಕಬ್ಬಿಣ ಸಂಡೂರಿನ ಗುಡ್ಡದಲ್ಲಿ ಅಷ್ಟೊಂದು ಬಂದು ಕೂತಿದ್ದಾದರೂ ಹೇಗೆ ಅಂತ ಮಾತ್ರ ಯಾರೂ ಕೇಳಲಿಲ್ಲ.

ಶಾಲೆಯ ಪುಸ್ತಕದಲ್ಲಿ ಇದಕ್ಕೊಂದು ಉತ್ತರ ಇದೆ. ಪಾಚಿಯಂಥ ಜೀವಿಗಳು ಆಮ್ಲಜನಕ ಬಿಟ್ಟವು, ಸಮುದ್ರದಲ್ಲಿ ಕರಗಿದ್ದ ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ತುಕ್ಕು ತಳಕ್ಕಿಳಿದು ಕಲ್ಲಾಯಿತು. ಚಂದದ ಕಥೆ, ಮಕ್ಕಳಿಗೆ ಹೇಳಲು ಸುಲಭ. ಆದರೆ ಇಸವಿ ತಾಳೆಯಾಗುವುದಿಲ್ಲ. ತುಕ್ಕು ಮೊದಲು ಬಂದಿದೆ, ಗಾಳಿಗೆ ಆಮ್ಲಜನಕ ಬಂದದ್ದು ಎಷ್ಟೋ ಆಮೇಲೆ. ಆ ನಡುವಿನ ಅಂತರ ಸಣ್ಣದಲ್ಲ, ನೂರು ಕೋಟಿ ವರ್ಷಕ್ಕೂ ಜಾಸ್ತಿ. ಕರ್ನಾಟಕದ ಕಬ್ಬಿಣದ ಕಲ್ಲು, ಅಂದರೆ ಬೇಲೆಕೇರಿಗೆ ಬಂದ ಅದಿರಿನ ತವರು, ಸರಿಯಾಗಿ ಆ ಅಂತರದಲ್ಲೇ ಹುಟ್ಟಿದ್ದು.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಕಾರವಾರದಿಂದ ಭಟ್ಕಳದವರೆಗೆ ಮನೆ ಕಟ್ಟುವ ಚಿರೆಕಲ್ಲೂ ಕೆಂಪು, ಶಿರಸಿ ಕಡೆಯ ಧರೆ ಮಣ್ಣೂ ಕೆಂಪು, ಅದರಲ್ಲೂ ಕಬ್ಬಿಣ ಇದೆ ನಿಜ. ಆದರೆ ಅದು ಮಳೆ ಮಾಡಿದ ಕೆಲಸ. ಮಳೆನೀರು ಬಂಡೆಯೊಳಗಿನ ಸಿಲಿಕಾ (ಮರಳಿನಲ್ಲಿ ಹೆಚ್ಚಾಗಿ ಇರುವುದು ಇದೇ) ಮುಂತಾದ್ದನ್ನು ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದಾಗ ಆಗುವ ಕಲ್ಲು ಅದು. ಭೂಮಿಯ ಲೆಕ್ಕದಲ್ಲಿ ತೀರಾ ಇತ್ತೀಚಿನದು, ಗಾಳಿಯಲ್ಲಿ ಆಮ್ಲಜನಕ ಧಾರಾಳವಾಗಿರುವ ಕಾಲದ್ದು. ನಾನು ಹೇಳಹೊರಟಿರುವುದು ಬೇರೆಯೇ ಕಲ್ಲು.

ಹಾಗಂತ ನಮ್ಮ ಜಿಲ್ಲೆಯಲ್ಲಿ ಹಳೆಯ ಕಲ್ಲು ಇಲ್ಲ ಅಂತಲ್ಲ. ಕಾರವಾರದ ಸುತ್ತಲಿನ ನೈಸ್ (ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ) ಬಂಡೆಗಳಿಗೆ ಸುಮಾರು 320 ಕೋಟಿ ವರ್ಷ ವಯಸ್ಸು. ಮಡಗಾಸ್ಕರಿನ ಪೂರ್ವ ತೀರದ ಬಂಡೆಗಳಿಗೂ ಇವಕ್ಕೂ ಹೋಲಿಕೆ ಇದೆ ಅಂತ 2013ರಲ್ಲಿ ಭೂವಿಜ್ಞಾನಿಗಳು ತೋರಿಸಿದರು. ಒಂದು ಕಾಲದಲ್ಲಿ ಎರಡೂ ಅಂಟಿಕೊಂಡೇ ಇದ್ದವು. ಶಿವಮೊಗ್ಗದಿಂದ ಹೊರಟು ನಮ್ಮ ಜೋಯಿಡಾ ಕಾಡುಗಳ ಕೆಳಗೆ ಹಾದು ಗೋವಾಕ್ಕೆ ಹೋಗುವ ಇನ್ನೊಂದು ಶಿಲಾಪಟ್ಟಿಯೂ ಇದೆ. ಗೋವಾದವರು ದಶಕಗಟ್ಟಲೆ ಅಗೆದು ಬಾರ್ಜ್ ತುಂಬಿಸಿ ಕಳಿಸಿದ ಅದಿರು ಇದರದ್ದೇ. ಸಂಡೂರು, ಚಿತ್ರದುರ್ಗ, ಬಾಬಾಬುಡನ್, ಕುದುರೆಮುಖ ಎಲ್ಲ ಒಂದೇ ಮನೆತನದ ಕಲ್ಲುಗಳು. ವಯಸ್ಸು ಹೆಚ್ಚುಕಡಿಮೆ 290ರಿಂದ 260 ಕೋಟಿ ವರ್ಷ.

ಗಣಿಯವರು ಇದನ್ನು ಬಿಎಚ್‌ಕ್ಯೂ ಅನ್ನುತ್ತಾರೆ, ಬ್ಯಾಂಡೆಡ್ ಹೆಮಟೈಟ್ ಕ್ವಾರ್ಟ್ಜೈಟ್, ಅಂದರೆ ಹೆಮಟೈಟ್ ಅನ್ನುವ ಕಬ್ಬಿಣದ ಖನಿಜವೂ ಸಿಲಿಕಾವೂ ಪಟ್ಟೆಪಟ್ಟೆಯಾಗಿರುವ ಕಲ್ಲು. ಒಂದು ತುಂಡನ್ನು ಕೈಗೆತ್ತಿಕೊಂಡರೆ ಮೊದಲು ಗೊತ್ತಾಗುವುದು ತೂಕ. ಅದೇ ಗಾತ್ರದ ಕರಿಕಲ್ಲಿಗಿಂತ ಜಾಸ್ತಿ ಭಾರ. ಆಮೇಲೆ ಪಟ್ಟೆ. ಬೂದುಗಪ್ಪಿನ, ಉಕ್ಕಿನ ಹೊಳಪಿನ ಒಂದು ಗೆರೆ, ಅದರ ಪಕ್ಕ ಬಿಳಿಯೋ ಇಟ್ಟಿಗೆ ಕೆಂಪೋ ಆದ ಸಿಲಿಕಾ ಗೆರೆ, ಮತ್ತೆ ಕಪ್ಪು, ಮತ್ತೆ ಕೆಂಪು. ಕೆಲವು ಬೆರಳಗಲ, ಕೆಲವು ಕೂದಲೆಳೆಯಷ್ಟು. ಹಂಚಿನ ಒರಟು ಬೆನ್ನಿಗೆ ಉಜ್ಜಿದರೆ ಕಪ್ಪಗೆ ಕಾಣುವ ಹೆಮಟೈಟ್ ರಕ್ತದಂಥ ಕೆಂಪು ಗೀಟು ಬಿಡುತ್ತದೆ, ಇನ್ನೊಂದು ಕಬ್ಬಿಣದ ಖನಿಜ ಮ್ಯಾಗ್ನಟೈಟ್ ಆದರೆ ಕಪ್ಪು ಗೀಟು. ಕುದುರೆಮುಖದ್ದು ಹೆಚ್ಚಾಗಿ ಮ್ಯಾಗ್ನಟೈಟ್, ಅಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಹ್ಯಾಮರ್ಸ್ಲಿ ಬೆಟ್ಟಗಳಲ್ಲಂತೂ ಇಂಥ ಪಟ್ಟೆಗಳನ್ನು ನೂರಾರು ಕಿಲೋಮೀಟರ್ ಹಿಂಬಾಲಿಸಬಹುದು. ಹೊಳೆ ತಂದು ಸುರಿದ ಮಣ್ಣು ಇಷ್ಟು ಶಿಸ್ತಾಗಿ ಕೂರುವುದಿಲ್ಲ. ಇದು ನಿಂತ ನೀರಿನಿಂದ ನಿಧಾನವಾಗಿ ಇಳಿದು ಕೂತದ್ದು.

ಕಬ್ಬಿಣ ನೀರಿನಿಂದ ಇಳಿಯುವುದು ಅಂದರೇನು ಅಂತ ನೋಡಲು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಕರಾವಳಿಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಮೇಲೆ ಬಂದ ನೀರು ಕನ್ನಡಿಯಷ್ಟು ತಿಳಿಯಾಗಿರುತ್ತದೆ. ಬಕೆಟ್ ತುಂಬಿಸಿಟ್ಟು ಬೆಳಗ್ಗೆ ನೋಡಿ, ನೀರು ಹಳದಿ ಆಗಿರುತ್ತದೆ, ತಳದಲ್ಲಿ ಕೆಂಪು ಗಸಿ. ಬಿಳಿ ಪಂಚೆ ಅದರಲ್ಲಿ ಹಿಂಡಿದರೆ ಮುಗೀತು ಕಥೆ. ಕಬ್ಬಿಣಕ್ಕೆ ಎರಡು ರೂಪ. ಫೆರಸ್ ಅನ್ನುವುದು ನೀರಿನಲ್ಲಿ ಕರಗಿ ಮಾಯವಾಗಿರುತ್ತದೆ, ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಿಕ್ ಆಗಿ ಕರಗದೆ ತಳ ಸೇರುತ್ತದೆ. ನೆಲದಡಿ ಆಮ್ಲಜನಕ ಇಲ್ಲದಲ್ಲಿ ಕರಗಿದ್ದ ಕಬ್ಬಿಣಕ್ಕೆ ನಿಮ್ಮ ಬಕೆಟ್ಟಿನಲ್ಲಿ ಗಾಳಿ ಸೋಕಿತು, ಅಷ್ಟೇ.

ಈಗಿನ ಸಮುದ್ರದಲ್ಲಿ ಕರಗಿದ ಕಬ್ಬಿಣ ಎಷ್ಟು ಕಡಿಮೆ ಅಂದರೆ, ತೆರೆದ ಸಾಗರದ ದೊಡ್ಡ ದೊಡ್ಡ ಭಾಗಗಳಲ್ಲಿ ಕಬ್ಬಿಣ ಸಾಲದೇ ಸೂಕ್ಷ್ಮ ಪಾಚಿಗಳು ಸರಿಯಾಗಿ ಬೆಳೆಯುವುದಿಲ್ಲ. 300 ಕೋಟಿ ವರ್ಷದ ಹಿಂದೆ ಹಾಗಿರಲಿಲ್ಲ. ಸಮುದ್ರಕ್ಕೆ ಸಮುದ್ರವೇ ಆಮ್ಲಜನಕವಿಲ್ಲದ ಬೋರ್ ನೀರಾಗಿತ್ತು, ಕಬ್ಬಿಣ ಈಗಿನದಕ್ಕಿಂತ ಸಾವಿರಾರು ಪಟ್ಟು. ಬಹುಪಾಲು ಬಂದದ್ದು ಸಮುದ್ರದ ತಳದಲ್ಲಿ ಬಿಸಿನೀರು ಉಗುಳುವ ಬಿರುಕುಗಳಿಂದ. ಇದು ಊಹೆಯಲ್ಲ. ಇಂಥ ಬಿಸಿನೀರು ಯುರೋಪಿಯಂ ಅನ್ನುವ ಅಪರೂಪದ ಲೋಹವನ್ನು ಜಾಸ್ತಿ ಹೊತ್ತು ತರುತ್ತದೆ, ಹಳೆಯ ಕಬ್ಬಿಣದ ಕಲ್ಲುಗಳಲ್ಲಿ ಆ ಯುರೋಪಿಯಂ ಹಾಗೇ ಸಿಕ್ಕಿಬಿದ್ದಿದೆ.

ಈಗ ಇಸವಿಯ ಜಗಳಕ್ಕೆ ಬರೋಣ.

ತುಕ್ಕಿನ ಕಥೆಯನ್ನು ಗಟ್ಟಿಯಾಗಿ ನಿಲ್ಲಿಸಿದವರು ಅಮೆರಿಕದ ಪ್ರೆಸ್ಟನ್ ಕ್ಲೌಡ್, 1960–70ರ ದಶಕಗಳಲ್ಲಿ. ಸೂರ್ಯನ ಬೆಳಕಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುವ ಸಯಾನೋಬ್ಯಾಕ್ಟೀರಿಯಾ, ಅದನ್ನು ಹೀರಿಕೊಳ್ಳುವ ಕಬ್ಬಿಣ, ಕಬ್ಬಿಣ ಖಾಲಿಯಾದ ಮೇಲೆ ಗಾಳಿಗೆ ಸೇರಿದ ಆಮ್ಲಜನಕ. ಆಮೇಲೆ 2000ದಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಗಂಧಕದಲ್ಲಿ ಒಂದು ವಿಚಿತ್ರ ಕಂಡರು. ಬಹಳ ಹಳೆಯ ಬಂಡೆಗಳಲ್ಲಿ ಗಂಧಕದ ಐಸೋಟೋಪುಗಳ, ಅಂದರೆ ಬೇರೆ ಬೇರೆ ತೂಕದ ಗಂಧಕದ ಪರಮಾಣುಗಳ, ಪ್ರಮಾಣ ವಾಡಿಕೆಯ ಲೆಕ್ಕಕ್ಕೆ ಸಿಗುವುದಿಲ್ಲ. ಓಝೋನ್ ಪದರ ಇಲ್ಲದೇ ನೇರಳಾತೀತ ಕಿರಣ ನೇರವಾಗಿ ಗಾಳಿಯಲ್ಲಿನ ಗಂಧಕದ ಅನಿಲಕ್ಕೆ ಬಡಿದು, ಅದರಿಂದಾದದ್ದು ಬಂಡೆಯಲ್ಲಿ ಉಳಿಯಬೇಕಾದರೆ, ಗಾಳಿಯಲ್ಲಿ ಆಮ್ಲಜನಕ ಈಗಿನದರ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಇರಬೇಕು. ಈ ವಿಚಿತ್ರ ಗುರುತು ಸುಮಾರು 240ರಿಂದ 230 ಕೋಟಿ ವರ್ಷದ ಹಿಂದೆ ಅಳಿಸಿ ಹೋಗುತ್ತದೆ. ಗಾಳಿಗೆ ಆಮ್ಲಜನಕ ಬಂದದ್ದು ಆಗ. ಗ್ರೇಟ್ ಆಕ್ಸಿಡೇಶನ್ ಈವೆಂಟ್ ಅಂತ ಕರೆಯುವುದು ಅದನ್ನೇ.

ಗ್ರೀನ್‌ಲ್ಯಾಂಡಿನ ಇಸುವಾದ ಕಬ್ಬಿಣದ ಪಟ್ಟೆಕಲ್ಲಿಗೆ 370 ಕೋಟಿ ವರ್ಷ. ನಮ್ಮ ಸಂಡೂರು, ಕುದುರೆಮುಖದ್ದೂ ಈ ಘಟನೆಗಿಂತ ಇಪ್ಪತ್ತು ಮೂವತ್ತು ಕೋಟಿ ವರ್ಷವಾದರೂ ಹಿಂದಿನದು. ಉಸಿರಾಡುವ ಗಾಳಿಯಲ್ಲಿ ಇಲ್ಲದ ಆಮ್ಲಜನಕ ಕಬ್ಬಿಣಕ್ಕೆ ಎಲ್ಲಿಂದ ಸಿಕ್ಕಿತು?

ಒಂದು ಉತ್ತರ: ಗಾಳಿಯಲ್ಲಿ ಇರಲಿಲ್ಲ, ನೀರಿನಲ್ಲಿ ಅಲ್ಲಲ್ಲಿ ಇತ್ತು. ತೀರದ ತೆಳು ನೀರಿನಲ್ಲಿ ಸಯಾನೋಬ್ಯಾಕ್ಟೀರಿಯಾ ಬಿಟ್ಟ ಆಮ್ಲಜನಕವನ್ನು ಕಬ್ಬಿಣ ಅಲ್ಲಲ್ಲೇ ಮುಗಿಸಿಬಿಡುತ್ತಿತ್ತು, ಮೇಲಕ್ಕೆ ಬರಲು ಬಿಡುತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಪೊಂಗೋಲಾ ಬಂಡೆಗಳಲ್ಲಿ ಸುಮಾರು 300 ಕೋಟಿ ವರ್ಷದ ಹಿಂದೆಯೇ ಒಂದಿಷ್ಟು ಆಮ್ಲಜನಕ ಇದ್ದ ಸುಳಿವು ಸಿಕ್ಕಿದೆ. ನಮ್ಮಲ್ಲೂ ಶಿವಮೊಗ್ಗದ ಕುಂಸಿ ಹತ್ತಿರ, ಚಿತ್ರದುರ್ಗದ ಕಡೆ ಸ್ಟ್ರೊಮಟೊಲೈಟ್‌ಗಳಿವೆ, ಸೂಕ್ಷ್ಮಜೀವಿಗಳ ಪದರ ಪದರ ಹಾಸು ಕಲ್ಲಾದದ್ದು. ಕಬ್ಬಿಣ ಇಳಿಯುತ್ತಿದ್ದ ಸಮುದ್ರದ ಅಂಚಿನಲ್ಲಿ ಜೀವ ಇತ್ತು ಅನ್ನುವುದಕ್ಕೆ ಇದು ಸಾಕ್ಷಿ. ಆ ಜೀವಿಗಳು ಆಮ್ಲಜನಕ ಬಿಡುವಂಥವೇ ಆಗಿದ್ದವು ಅನ್ನಲು ಮಾತ್ರ ಇಷ್ಟೇ ಸಾಲದು.

ಎರಡನೆಯ ಉತ್ತರ ನನಗೆ ಹೆಚ್ಚು ಇಷ್ಟ. ಆಮ್ಲಜನಕ ಬೇಕೇ ಆಗಿರಲಿಲ್ಲ. 1993ರಲ್ಲಿ ಜರ್ಮನಿಯ ಫ್ರೀಡ್ರಿಕ್ ವಿಡ್ಡೆಲ್ ಮತ್ತು ಸಂಗಡಿಗರು ಒಂದು ಜಾತಿಯ ನೇರಳೆ ಬ್ಯಾಕ್ಟೀರಿಯಾ ಕಂಡುಹಿಡಿದರು. ಇವು ಬೆಳಕು ತಿಂದು ಬದುಕುವಂಥವು, ಆದರೆ ಎಲೆಕ್ಟ್ರಾನ್ ಬೇಕಾದಾಗ ನೀರನ್ನು ಒಡೆಯುವುದಿಲ್ಲ, ಕರಗಿದ ಕಬ್ಬಿಣದಿಂದಲೇ ಕಿತ್ತುಕೊಳ್ಳುತ್ತವೆ. ಆಮ್ಲಜನಕ ಒಂದು ಗುಳ್ಳೆಯೂ ಹುಟ್ಟುವುದಿಲ್ಲ, ತುಕ್ಕು ಮಾತ್ರ ಹುಟ್ಟುತ್ತದೆ. ಕಬ್ಬಿಣ ತುಂಬಿದ, ಬೆಳಕು ಬೀಳುವ, ಆಮ್ಲಜನಕವಿಲ್ಲದ ಸಮುದ್ರ ಇಂಥವಕ್ಕೆ ಅನ್ನದ ಪಾತ್ರೆ. ಈಗಲೂ ಕಾಂಗೋದ ಕಿವು ಸರೋವರದ ಕಬುನೊ ಕೊಲ್ಲಿಯಲ್ಲಿ ಇನ್ನೊಂದು ಗುಂಪಿನ, ಹಸಿರು ಬ್ಯಾಕ್ಟೀರಿಯಾಗಳು ಇದೇ ಕೆಲಸ ಮಾಡಿಕೊಂಡಿವೆ.

(ನಮ್ಮ ಗದ್ದೆ ಕಾಲುವೆಗಳಲ್ಲಿ ಮಳೆಗಾಲ ಮುಗಿಯುವಾಗ ಕಾಣುವ ಕಿತ್ತಳೆ ಲೋಳೆ, ಮೇಲೆ ಎಣ್ಣೆಯಂಥ ಮಿರುಗು, ಅದೂ ಕಬ್ಬಿಣದ ಬ್ಯಾಕ್ಟೀರಿಯಾಗಳದ್ದೇ ಕೆಲಸ. ಯಾರೋ ಸೀಮೆಎಣ್ಣೆ ಚೆಲ್ಲಿದರು ಅಂತ ಬೈಯುವ ಮುಂಚೆ ಕೋಲಿನಿಂದ ಕದಡಿ ನೋಡಿ. ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ ಪೊರೆಯಾದರೆ ಚೂರು ಚೂರಾಗಿ ಒಡೆಯುತ್ತದೆ. ಇವಕ್ಕೆ ಮಾತ್ರ ಚೂರಾದರೂ ಆಮ್ಲಜನಕ ಬೇಕು, ಹಾಗಾಗಿ ಕಿವು ಸರೋವರದವರ ಕುಲವೇ ಬೇರೆ.)

ಮೂರನೆಯದು, ಜೀವವೇ ಬೇಡ, ನೇರಳಾತೀತ ಕಿರಣ ಸಾಕು ಅನ್ನುವ ವಾದ. ಸಿಲಿಕಾ ತುಂಬಿದ ಹಳೆಯ ಸಮುದ್ರದಂಥ ನೀರು ಮಾಡಿ ಪ್ರಯೋಗ ಮಾಡಿದಾಗ ಅದರ ಕೈಲಿ ಹೆಚ್ಚೇನೂ ಆಗಲಿಲ್ಲ. ಅದನ್ನು ಬಿಟ್ಟುಬಿಡಬಹುದು.

ನಾಲ್ಕನೆಯದನ್ನು ಹಾಗೆ ಬಿಡಲಾಗದು. ಆಸ್ಟ್ರೇಲಿಯಾದ ಬಿರ್ಗರ್ ರಾಸ್ಮುಸ್ಸೆನ್ ಮತ್ತು ಜ್ಯಾನೆಟ್ ಮುಹ್ಲಿಂಗ್ ಪಟ್ಟೆಕಲ್ಲಿನ ಸಿಲಿಕಾ ಭಾಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಒಳಗೆ ತೀರಾ ಸಣ್ಣ ಹಸಿರು ಕಣಗಳಿದ್ದವು, ಗ್ರೀನಲೈಟ್ ಅನ್ನುವ ಕಬ್ಬಿಣ–ಸಿಲಿಕಾ ಖನಿಜ. ಅದರಲ್ಲಿರುವುದು ಫೆರಸ್ ಕಬ್ಬಿಣ, ತುಕ್ಕಲ್ಲ. ಅಂದರೆ ಸಮುದ್ರದಿಂದ ಮೊದಲು ಇಳಿದದ್ದು ಈ ಹಸಿರು ಕೆಸರು, ಕೆಂಪಾದದ್ದು ಎಷ್ಟೋ ಕಾಲದ ಮೇಲೆ, ನೆಲದಡಿಯ ನೀರು ಹರಿದು ಅಂತ ಅವರ ವಾದ. ಉಳಿದವರು ಕಳ್ಳ ಇವನು, ಅಲ್ಲ ಅವನು ಅಂತ ಜಗಳವಾಡುತ್ತಿದ್ದರೆ ಇವರು ಕಳ್ಳತನವೇ ಆಗಿಲ್ಲ ಅನ್ನುತ್ತಾರೆ. ಬೇಲೆಕೇರಿ ಕಂಡವರಿಗೆ ಈ ವಾದದ ಧಾಟಿ ಹೊಸದೇನಲ್ಲ! ತಮಾಷೆ ಬಿಡಿ, ಇದು ಗಂಭೀರವಾದ ಆಕ್ಷೇಪ. ಇದು ಎಲ್ಲ ಕಡೆಯ ಕಲ್ಲಿಗೂ ನಿಜ ಅಂತಾದರೆ ಪಟ್ಟೆಕಲ್ಲನ್ನು ಜೀವದ ಗುರುತು ಅಂತ ಕರೆಯುವ ಹಕ್ಕು ನಮಗೆ ಉಳಿಯುವುದಿಲ್ಲ. ನನಗೆ ಅನಿಸುವುದು, ಎರಡೂ ಆಗಿರಬೇಕು. ಆಳದಲ್ಲಿ ಹಸಿರು ಕೆಸರು, ಬೆಳಕು ಮುಟ್ಟುವಲ್ಲಿ ಬ್ಯಾಕ್ಟೀರಿಯಾದ ತುಕ್ಕು. ಯಾವುದು ಎಷ್ಟು ಅನ್ನುವುದೇ ಈಗಿನ ಜಗಳ.

ಯಾರು ಮಾಡಿದರೂ ಸರಿ, ಕಲ್ಲಿನೊಳಗೆ ಆ ಕಾಲದ ಸಮುದ್ರದ ನೀರಿನ ಲೆಕ್ಕ ಉಳಿದಿದೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ತುಕ್ಕಿಗೆ ಒಂದು ಗುಣ ಇದೆ. ಇಳಿಯುವಾಗ ಸುತ್ತಲಿನ ನೀರಿನಲ್ಲಿದ್ದ ಚಿಲ್ಲರೆ ಲೋಹಗಳನ್ನೆಲ್ಲ ಅಂಟಿಸಿಕೊಂಡು ಇಳಿಯುತ್ತದೆ. 2009ರಲ್ಲಿ ಕೆನಡಾದ ಕರ್ಟ್ ಕಾನ್‌ಹೌಸರ್ ತಂಡ ಬೇರೆ ಬೇರೆ ಕಾಲದ ಕಬ್ಬಿಣದ ಕಲ್ಲುಗಳಲ್ಲಿ ನಿಕ್ಕಲ್ ಎಷ್ಟಿದೆ ಅಂತ ನೋಡಿತು. 270 ಕೋಟಿ ವರ್ಷದ ಸುಮಾರಿಗೆ ನಿಕ್ಕಲ್ ಇಳಿಯತೊಡಗಿ 250 ಕೋಟಿಯ ಹೊತ್ತಿಗೆ ಸಮುದ್ರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ಭೂಮಿಯ ಒಳಗು ತಣಿದಂತೆ ನಿಕ್ಕಲ್ ತುಂಬಿದ ಕೊಮಟೈಟ್ ಲಾವಾ ಉಕ್ಕುವುದು ಕಡಿಮೆಯಾಯಿತು, ಅದೇ ಕಾರಣ. (ಆ ಲಾವಾ ಕಲ್ಲಾಗಿ ಉಳಿದದ್ದು ನಮ್ಮ ಕರ್ನಾಟಕದಲ್ಲೂ ಇದೆ, ಸರಗೂರು ಗುಂಪಿನ ಬಂಡೆಗಳಲ್ಲಿ.) ನಿಕ್ಕಲ್ ಕಡಿಮೆಯಾದರೆ ಯಾರಿಗೇನು ಅಂತೀರಾ? ಮೀಥೇನ್ ಬಿಡುವ ಸೂಕ್ಷ್ಮಜೀವಿಗಳ ಕಿಣ್ವಗಳಿಗೆ ನಿಕ್ಕಲ್ ಇಲ್ಲದೇ ನಡೆಯುವುದಿಲ್ಲ. ಅವು ಸೊರಗಿದವು, ಮೀಥೇನ್ ಇಳಿಯಿತು, ಆಮ್ಲಜನಕವನ್ನು ತಿಂದುಹಾಕುತ್ತಿದ್ದ ಅನಿಲವೊಂದು ಕಡಿಮೆಯಾದ್ದರಿಂದ ಆಮ್ಲಜನಕಕ್ಕೆ ದಾರಿಯಾಯಿತು ಅನ್ನುವುದು ಇವರ ವಾದ. ಸಂಡೂರಿನ ಕಲ್ಲು ಹುಟ್ಟಿದ್ದು ಸರಿಸುಮಾರು ಈ ಇಳಿತ ಶುರುವಾದ ಹೊತ್ತಿನಲ್ಲಿ.

ರಂಜಕದ ಕಥೆ ಇಷ್ಟು ಸಲೀಸಲ್ಲ. ತುಕ್ಕು ರಂಜಕವನ್ನೂ ಎಳೆದುಕೊಂಡು ಹೋಗುತ್ತದೆ, ಹಾಗಾಗಿ ಹಳೆಯ ಸಮುದ್ರದಲ್ಲಿ ಜೀವಿಗಳಿಗೆ ಗೊಬ್ಬರದ ಬರ ಇತ್ತು ಅಂತ ಒಂದು ಗುಂಪು. ಇಲ್ಲ, ತುಕ್ಕಿನ ಮೈಮೇಲಿನ ಜಾಗವನ್ನೆಲ್ಲ ಸಿಲಿಕಾ ಹಿಡಿದುಕೊಂಡಿತ್ತು, ರಂಜಕ ನೀರಿನಲ್ಲೇ ಉಳಿದಿತ್ತು ಅಂತ ಇನ್ನೊಂದು.

ಸಮುದ್ರದ ಬಣ್ಣವೂ ನೀಲಿ ಇರಲಿಲ್ಲವೇನೋ. 2025ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ ಹೇಳಿದ ಪ್ರಕಾರ, ತೇಲುವ ತುಕ್ಕಿನ ಕಣ ನೀಲಿ ಬೆಳಕನ್ನು ನುಂಗುತ್ತದೆ, ನೀರು ಕೆಂಪು ಬೆಳಕನ್ನು ನುಂಗುತ್ತದೆ, ಉಳಿಯುವುದು ಹಸಿರು. ಆ ಹಸಿರನ್ನು ಹಿಡಿಯುವ ವರ್ಣದ್ರವ್ಯ ಸಯಾನೋಬ್ಯಾಕ್ಟೀರಿಯಾಗಳಲ್ಲಿ ಈಗಲೂ ಇದೆ.

ಇನ್ನೊಂದು ಲೆಕ್ಕವಂತೂ ನಮ್ಮ ಕಡೆಯ ಮೀನುಗಾರರಿಗೆ ನೇರವಾಗಿ ಅರ್ಥವಾಗುವಂಥದ್ದು. ಭರತ ಇಳಿತ ಆದಾಗಲೆಲ್ಲ ನೀರು ತಳಕ್ಕೆ ಉಜ್ಜಿ ಭೂಮಿಯ ತಿರುಗುವಿಕೆ ಕೂದಲೆಳೆಯಷ್ಟು ನಿಧಾನವಾಗುತ್ತದೆ, ಚಂದ್ರ ಅಷ್ಟೇ ಸೂಕ್ಷ್ಮವಾಗಿ ದೂರ ಸರಿಯುತ್ತಾನೆ. 2022ರಲ್ಲಿ ಮಾರ್ಗ್ರಿಯಟ್ ಲ್ಯಾಂಟಿಂಕ್ ಮತ್ತು ಸಂಗಡಿಗರು ಹ್ಯಾಮರ್ಸ್ಲಿಯ 246 ಕೋಟಿ ವರ್ಷದ ಕಬ್ಬಿಣದ ಪಟ್ಟೆಗಳ ದಪ್ಪ–ತೆಳು ಏರಿಳಿತದಲ್ಲಿ ಭೂಮಿಯ ಅಕ್ಷ ಓಲಾಡಿದ ತಾಳವನ್ನು ಓದಿದರು. ಅದರಿಂದ ಲೆಕ್ಕ ಹಾಕಿದರೆ ಆಗ ಚಂದ್ರ ಇದ್ದದ್ದು ಸುಮಾರು 3,21,800 ಕಿಲೋಮೀಟರ್ ದೂರದಲ್ಲಿ, ಈಗ 3,84,000. ದಿನಕ್ಕೆ ಹದಿನೇಳೇ ಗಂಟೆ. ತುಕ್ಕಿನ ಗೆರೆಯಿಂದ ದಿನದ ಉದ್ದ ಹೇಳುವುದು ಅಂದರೆ ಸುಮ್ನೆ ಮಾತಲ್ಲ.

ಇಷ್ಟೆಲ್ಲ ಓದಬಹುದಾದ ಕಲ್ಲಿನಲ್ಲಿ ಜೀವಿಯನ್ನೇ ನೇರವಾಗಿ ನೋಡಿದ್ದೇವೆ ಅನ್ನುವ ಸುದ್ದಿ ಬಂದರೆ ಮಾತ್ರ ನಾನು ಹುಬ್ಬೇರಿಸುತ್ತೇನೆ. 2017ರಲ್ಲಿ ಕೆನಡಾದ ನುವ್ವುವಾಗಿಟ್ಟುಕ್‌ನ ಕನಿಷ್ಠ 377 ಕೋಟಿ ವರ್ಷದ ಕಬ್ಬಿಣದ ಕಲ್ಲಿನಲ್ಲಿ ಹೆಮಟೈಟ್‌ನ ಸೂಕ್ಷ್ಮ ನಳಿಕೆಗಳು ಸಿಕ್ಕವು, ಬ್ಯಾಕ್ಟೀರಿಯಾದ ಪಳೆಯುಳಿಕೆ ಅಂತ ದೊಡ್ಡ ಸುದ್ದಿಯಾಯಿತು. ಅಂಥ ನಳಿಕೆ ಜೀವ ಇಲ್ಲದೆಯೂ ರಸಾಯನದಿಂದಲೇ ಬೆಳೆಯಬಹುದು ಅಂತ ಬೇರೆಯವರು ಹೇಳಿದರು. ಅಷ್ಟು ಹಳೆಯ ಕಲ್ಲು ಎಷ್ಟು ಸಲ ಬೆಂದು ಹಿಂಡಿಹೋಗಿರುತ್ತದೆ ಅಂದರೆ ಆಕಾರ ನೋಡಿ ತೀರ್ಪು ಕೊಡುವುದು ಕಷ್ಟ. ಅನುಮಾನವಿಲ್ಲದ ಪಳೆಯುಳಿಕೆ ಬೇಕಾದರೆ ಸುಮಾರು 188 ಕೋಟಿ ವರ್ಷದ, ಸುಪೀರಿಯರ್ ಸರೋವರದ ಬಳಿಯ ಗನ್‌ಫ್ಲಿಂಟ್ ಕಲ್ಲಿಗೆ ಬರಬೇಕು.

ಇದೇ ಜಗಳ ಈಗ ಮಂಗಳ ಗ್ರಹಕ್ಕೂ ಹೋಗಿದೆ. 2024ರಲ್ಲಿ ಪರ್ಸೆವರೆನ್ಸ್ ರೋವರ್ ಅಲ್ಲಿನ ಜೆಝಿರೋ ಕುಳಿಯಲ್ಲಿ ಚಿರತೆ ಚುಕ್ಕೆಯಂಥ ಕಲೆಗಳಿರುವ ಒಂದು ಕಲ್ಲು ಕಂಡಿತು. ಆ ಚುಕ್ಕೆಗಳಲ್ಲಿ ಇರುವಂತೆ ಕಂಡದ್ದು ಎರಡು ಕಬ್ಬಿಣದ ಖನಿಜ, ರಂಜಕದ ಜೊತೆ ಸೇರಿದ ವಿವಿಯನೈಟ್, ಗಂಧಕದ ಜೊತೆ ಸೇರಿದ ಗ್ರಿಗೈಟ್. ನಮ್ಮ ಭೂಮಿಯಲ್ಲಿ ಇವೆರಡೂ ಹೆಚ್ಚಾಗಿ ಹುಟ್ಟುವುದು ಕೊಳೆತ ಎಲೆಕಡ್ಡಿ ಇರುವ ಜವುಗು ಕೆಸರಿನಲ್ಲಿ, ಸೂಕ್ಷ್ಮಜೀವಿಗಳ ಕೈಯಿಂದ. 2025ರ ಸೆಪ್ಟೆಂಬರಿನಲ್ಲಿ ವಿಜ್ಞಾನಿಗಳು ಬರೆದ ಪ್ರಬಂಧದಲ್ಲಿ ಬಳಸಿದ ಮಾತು 'ಜೀವದ ಗುರುತು ಆಗಿರಬಹುದಾದದ್ದು', ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಇಲ್ಲ. ಟಿವಿಯವರು ಜೀವ ಸಿಕ್ಕೇಬಿಟ್ಟಿತು ಅಂತ ಕೂಗಿದರು. ಇಸುವಾ, ನುವ್ವುವಾಗಿಟ್ಟುಕ್‌ಗಳ ಪಾಡು ಗೊತ್ತಿದ್ದವರು ಹಾಗೆ ಕೂಗುವುದಿಲ್ಲ. ಕೈಯಲ್ಲಿ ಹಿಡಿದು ಕತ್ತರಿಸಿ ನೋಡಬಹುದಾದ ಭೂಮಿಯ ಕಲ್ಲಿನ ಮೇಲೇ ಒಮ್ಮತ ಇಲ್ಲ, ಅಲ್ವಾ?

ಹಾಗಾದರೆ ಬೇಲೆಕೇರಿಯಲ್ಲಿ ಗುಡ್ಡೆ ಹಾಕಿದ್ದ ಅದಿರಿನಲ್ಲೂ ಇಷ್ಟೆಲ್ಲ ಓದಬಹುದಿತ್ತೇ? ಇಲ್ಲ. ಪಟ್ಟೆಕಲ್ಲಿನಲ್ಲಿ ಕಬ್ಬಿಣ ಇರುವುದು ನೂರಕ್ಕೆ ಮೂವತ್ತರ ಆಸುಪಾಸು. ಕೋಟ್ಯಂತರ ವರ್ಷ ನೀರು ಹರಿದು ಸಿಲಿಕಾ ತೊಳೆದುಹೋಗಿ ಕಬ್ಬಿಣ ಅರವತ್ತು ದಾಟಿದಾಗ ಅದು ಮಾರಾಟದ ಅದಿರು. ಹ್ಯಾಮರ್ಸ್ಲಿಯ ಅದಿರು 220 ಕೋಟಿ ವರ್ಷದ ಹಿಂದೆ ಹೀಗಾಯಿತು ಅಂದುಕೊಂಡಿದ್ದರು, 2024ರಲ್ಲಿ ಅದಿರನ್ನೇ ನೇರವಾಗಿ ಅಳೆದಾಗ 140ರಿಂದ 110 ಕೋಟಿ ಅಂತ ಬಂತು. ಮೂಲ ಕಲ್ಲಿಗೂ ಅದಿರಿಗೂ ನಡುವೆ ನೂರು ಕೋಟಿ ವರ್ಷ! ಗಣಿಯವರಿಗೆ ಸಿಲಿಕಾ ಕಂಡರೆ ಆಗದು, ವಿಜ್ಞಾನಿಗಳಿಗೆ ಬೇಕಾದದ್ದು ಸಿಲಿಕಾ ಗೆರೆ ಹಾಗೇ ಉಳಿದಿರುವ ಬಡ ಕಲ್ಲು. ಇಷ್ಟು ದಿನ ಇಬ್ಬರಿಗೂ ತಕರಾರಿರಲಿಲ್ಲ, ಬಡ ಕಲ್ಲನ್ನು ಗಣಿಯವರು ಮುಟ್ಟುತ್ತಿರಲಿಲ್ಲ. ಬಡ ಮ್ಯಾಗ್ನಟೈಟ್ ಕಲ್ಲನ್ನು ಅರೆದು, ಸೋಸಿ, ಕೊಳವೆಯಲ್ಲಿ ಮಂಗಳೂರಿಗೆ ಕಳಿಸಿದ ಕುದುರೆಮುಖ ಒಂದು ಅಪವಾದ, ಅಲ್ಲಿ ಗಣಿ ನಿಂತದ್ದು 2005ರ ಕೊನೆಗೆ. ಈಗ ಒಳ್ಳೆಯ ಅದಿರು ಕರಗುತ್ತ ಬಂದಂತೆ ಬಿಎಚ್‌ಕ್ಯೂ ಮೇಲೂ ಉಕ್ಕಿನವರ ಕಣ್ಣು ಬಿದ್ದಿದೆ. ಅಂಕೋಲಾದ ಕೇಣಿಯಲ್ಲಿ ಬಂದರು ಬೇಕೋ ಬೇಡವೋ ಅನ್ನುವ ಜಗಳದಲ್ಲಿ ನಮಗೆ ಕಾಣುವುದು ಮೀನು, ದೋಣಿ, ಕೂಲಿ. ಅದು ಕಾಣಬೇಕಾದದ್ದೇ. ಘಟ್ಟದ ಮೇಲಿನ ಕಲ್ಲಿನ ವಿಚಾರ ಎತ್ತುವವರು ಮಾತ್ರ ಯಾರೂ ಇಲ್ಲ.

ಗಣಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಅದು ಬೇರೆಯೇ ಚರ್ಚೆ. ಕೇಳುತ್ತಿರುವುದು ಕೋರ್ ಬಗ್ಗೆ. ಅದಿರು ಎಷ್ಟು ಆಳಕ್ಕಿದೆ ನೋಡಲು ಕೊರೆಯುವಾಗ ಉದ್ದನೆಯ ಕಲ್ಲಿನ ಕಂಬ ಹೊರಬರುತ್ತದಲ್ಲ, ಅದು. ನಮ್ಮ ಮಳೆ ಬಿಸಿಲಿಗೆ ಮೇಲಿನ ಕಲ್ಲು ಕೆಟ್ಟಿರುತ್ತದೆ, ನಂಬಬಹುದಾದದ್ದು ಆಳದ್ದು. ಗಾಳಿಗೆ ಆಮ್ಲಜನಕ ಬರುವುದಕ್ಕೂ ಮುಂಚೆ, 250 ಕೋಟಿ ವರ್ಷದ ಹಿಂದೆಯೇ ಅದರ ಸುಳಿವು ಇತ್ತು ಅಂತ 2007ರಲ್ಲಿ ಏರಿಯಲ್ ಅನ್ಬಾರ್ ತಂಡ ತೋರಿಸಿದ್ದು ಹ್ಯಾಮರ್ಸ್ಲಿಯಲ್ಲಿ ಕೊರೆದು ತೆಗೆದ ಇಂಥದ್ದೇ ಒಂದು ಕೋರ್‌ನಿಂದ. ಸಂಡೂರಿನಲ್ಲಿ ಕೊರೆಯುವುದು ಹೇಗೂ ನಡೆಯುತ್ತದೆ, ಖರ್ಚು ಹೇಗೂ ಆಗುತ್ತದೆ. ಅದಿರಿಲ್ಲದ ಭಾಗದ ಕೋರನ್ನೂ ಆಳ ಬರೆದ ಚೀಟಿ ಸಮೇತ ಪೆಟ್ಟಿಗೆಯಲ್ಲಿಟ್ಟು ಸರ್ಕಾರದ ಗೋಡೌನಿಗೆ ಕೊಡಬೇಕು, ಕಾಲೇಜಿನವರು ಕೇಳಿದರೆ ನೋಡಲು ಬಿಡಬೇಕು ಅಂತ ಗಣಿ ಗುತ್ತಿಗೆಯ ಷರತ್ತಿನಲ್ಲಿ ಎರಡು ಸಾಲು ಸೇರಿಸಿದರೆ ಆಯಿತು.